ಏಪ್ರಿಲ್ ಮೊದಲ ವಾರ ಪಂಗಾರ್ಚುಲ್ಲಾ: ಹಿಮಕುಸಿತದ ಅಪಾಯ ಇರುತ್ತಾ? ಹವಾಮಾನ ಹೇಗೆ ನೋಡಬೇಕು?

ಪ್ರಶ್ನೆ: ಸಾಗರದ ಚಾರಣಿಗ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು, ಸಾಗರ, ಶಿವಮೊಗ್ಗ ಕಡೆಯವರು. ಕೊಡಚಾದ್ರಿ, ಕುಮಾರಪರ್ವತ, ಬಲ್ಲಾಳರಾಯನ ದುರ್ಗ ಅಂತ ಮಳೆ, ಬಿಸಿಲು ನೋಡದೆ ಓಡಾಡಿದವರು. ಹಿಮಾಲಯದಲ್ಲಿ ಮಾತ್ರ ಇದುವರೆಗೆ ಮಾಡಿದ್ದು ಕೇದಾರಕಂಠ ಒಂದೇ, ಅದೂ ಡಿಸೆಂಬರಿನಲ್ಲಿ, ದೊಡ್ಡ ಗುಂಪಿನ ಜೊತೆ. ಮುಂದೆ ಹೋದವರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹತ್ತಿ ಇಳಿದೆವು. ಹಿಮದ ಬಗ್ಗೆ ನಮಗೇನೂ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ.

ಈ ಸಲ ಏಪ್ರಿಲ್ ಮೊದಲ ವಾರ ಉತ್ತರಾಖಂಡದ ಕುವಾರಿ ಪಾಸ್ ದಾರಿಯಲ್ಲಿ ಹೋಗಿ ಪಂಗಾರ್ಚುಲ್ಲಾ ಶಿಖರ ಹತ್ತಬೇಕು ಅಂತಿದ್ದೇವೆ. ಎತ್ತರ ಸುಮಾರು ನಾಲ್ಕೂವರೆ ಸಾವಿರ ಮೀಟರ್. ಕಂಪನಿ ಮೂಲಕ ಹೋಗುತ್ತಿಲ್ಲ. ಜೋಶಿಮಠದ ಒಬ್ಬ ಗೈಡ್, ಒಬ್ಬ ಅಡುಗೆಯವರು, ಹೇಸರಗತ್ತೆ, ಎಲ್ಲ ಫೋನಿನಲ್ಲೇ ಮಾತಾಗಿದೆ. ಡೆಹ್ರಾಡೂನ್‌ಗೆ ವಿಮಾನ, ರಾತ್ರಿ ಋಷಿಕೇಶ, ಮರುದಿನ ಜೋಶಿಮಠ. ಅಲ್ಲಿಂದ ಢಾಕ್, ಗುಲಿಂಗ್, ಖುಲ್ಲಾರಾ. ಖುಲ್ಲಾರಾದಿಂದ ಶಿಖರಕ್ಕೆ ಹೋಗಿ ಬಂದು ಮರುದಿನವೇ ಇಳಿಯುವುದು. ಇಳಿದ ಮರುದಿನ ಗಾಡಿ, ಅದರ ಮರುದಿನ ಬೆಳಿಗ್ಗೆ ವಿಮಾನ. ಟಿಕೆಟ್ ಆಗಿದೆ, ರಜೆಯೂ ಇಷ್ಟೇ.

ಕೇಳಬೇಕಾದ್ದು ಇದು. ಏಪ್ರಿಲ್ ಅಂದರೆ ಚಳಿಗಾಲ ಮುಗಿದಿರುತ್ತದಲ್ಲ, ಆಗಲೂ ಹಿಮಕುಸಿತದ ಭಯ ಇದೆಯಾ? ನನ್ನ ಫೋನಿನಲ್ಲಿ ಜೋಶಿಮಠದ ಹವಾಮಾನ ನೋಡಿದರೆ 12 ಡಿಗ್ರಿ, ಬಿಸಿಲಿನ ಚಿತ್ರ ತೋರಿಸುತ್ತದೆ. ಇದನ್ನು ನಂಬಬಹುದಾ, ಇಲ್ಲ ಬೇರೆ ಎಲ್ಲಾದರೂ ನೋಡಬೇಕಾ? ಹಿಮದಲ್ಲಿ ಹೂತವರನ್ನು ಹುಡುಕುವ ಬೀಕನ್ ಅಂತ ಒಂದು ಸಾಧನ ಇದೆಯಂತೆ, ಬಾಡಿಗೆಗೆ ತರಬೇಕಾ?

2025ರ ಫೆಬ್ರವರಿಯಲ್ಲಿ ಮಾಣಾ ಹತ್ತಿರ ರಸ್ತೆ ಕೆಲಸದವರು ಹಿಮದಡಿ ಸಿಕ್ಕಿಕೊಂಡ ಸುದ್ದಿಯನ್ನು ಅಮ್ಮ ಟಿವಿಯಲ್ಲಿ ನೋಡಿದ್ದಾರೆ. ಜೋಶಿಮಠದ ಹೆಸರು ಎತ್ತಿದರೆ ಸಾಕು, "ಅದೇ ಊರಲ್ವಾ" ಅಂತಾರೆ. ಅವರಿಗೆ ಹೇಳಲು ನನ್ನ ಹತ್ತಿರ ಸರಿಯಾದ ಉತ್ತರ ಇರಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಬೆಂಗಳೂರು ವಾರಾಂತ್ಯ

ನಾವು ಹೋದ ವರ್ಷ ಏಪ್ರಿಲ್‌ನಲ್ಲೇ ಮಾಡಿದ್ವಿ. ಸೂಪರ್ ಜಾಗ. ಖುಲ್ಲಾರಾದಿಂದ ನಡುರಾತ್ರಿ ಹೊರಟು ಬೆಳಿಗ್ಗೆ ತುದಿ ತಲುಪಿದ್ವಿ, ದ್ರೋಣಗಿರಿ, ನಂದಾದೇವಿ ಎಲ್ಲ ಕಾಣಿಸ್ತು. ಆಕಾಶ ಪೂರ್ತಿ ತಿಳಿಯಾಗಿತ್ತು, ಎಲ್ಲೂ ಏನೂ ಜಾರಲಿಲ್ಲ. ಬೂಟಿಗೆ ಹಾಕುವ ಮುಳ್ಳಿನ ಮೈಕ್ರೋಸ್ಪೈಕ್, ಹಿಮ ಬೂಟಿನೊಳಗೆ ಹೋಗದ ಹಾಗೆ ಕಾಲಿಗೆ ಕಟ್ಟುವ ಗೇಟರ್ ಇದ್ದರೆ ಸಾಕು. ಬೀಕನ್ ಎಲ್ಲ ಎವರೆಸ್ಟ್‌ನವರಿಗೆ. ಧೈರ್ಯವಾಗಿ ಹೋಗಿ ಬನ್ನಿ.

ಉತ್ತರ: ನಿವೃತ್ತ ಸುಬೇದಾರ್, ಗದಗ

ತಮ್ಮಂದಿರಾ, ನಮಸ್ಕಾರ. ನಾನು ಗದಗ ಜಿಲ್ಲಾದಾಂವ, ಸೈನ್ಯದಾಗ ಸುಬೇದಾರ್ ಆಗಿ ನಿವೃತ್ತಿ ಆದೆ. ಕುಪ್ವಾರಾ ಕಡೆ, ದ್ರಾಸ್ ಕಡೆ ಚಳಿಗಾಲ ಕಳದೇನಿ. ಗುಲ್ಮಾರ್ಗಿನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲಿನಾಗ ಹಿಮದ ತರಬೇತಿ ಆಗೇತಿ. ನೀವು ಕೇಳಿದ ಪ್ರಶ್ನೆ ಎಲ್ಲಾ ಛಲೋ ಅದಾವು. ಆದ್ರ ನೀವು ಕೇಳದ ಬಿಟ್ಟದ್ದೊಂದು ನಿಮ್ಮ ಯೋಜನೆದಾಗ ಎದ್ದು ಕಾಣ್ತೈತಿ: ಒಂದು ದಿನಾನೂ ಹೆಚ್ಚಿಗಿ ಇಲ್ಲ. ಅದಕ್ಕ ಆಮ್ಯಾಲೆ ಬರ್ತೀನಿ.

ಬೆಂಗಳೂರಿನ ತಮ್ಮ ಬರದದ್ದು ಸುಳ್ಳಲ್ಲ. ಅವರು ಹೋದ ದಿನ ಹಂಗ ಇತ್ತು, ಸುಖವಾಗಿ ಬಂದಾರ, ಸಂತೋಷ. ಆದ್ರ ಆಕಾಶ ತಿಳಿ ಐತಿ ಅಂತ ಹಿಮದ ಲೆಕ್ಕ ಹಾಕಬ್ಯಾಡ್ರಿ. 2022ರ ಅಕ್ಟೋಬರ್ 4ಕ್ಕ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ಡಂಡಾ-2 ಶಿಖರ ಹತ್ತೂ ಮುಂದ ಹಿಮ ಜಾರಿತು. ಮುಂಜಾನೆ ಹೊತ್ತು. 29 ಮಂದಿ ಹೋದ್ರು. ಅದೇ ವರ್ಷ ಮೇ ತಿಂಗಳಾಗ ಎವರೆಸ್ಟ್, ಮಕಾಲು ಎರಡೂ ಏರಿದ್ದ ಸವಿತಾ ಕಂಸ್ವಾಲ್ ಅವರೊಳಗ ಒಬ್ಬರು. ನಮ್ಮ ಕರ್ನಾಟಕದ ಹುಡುಗರೂ ಇದ್ರು. ಹಿಮ ಬಲ್ಲ ಶಿಕ್ಷಕರು ಸಂಗಾಟ ಇದ್ದಾಗಲೇ ಆತು ಇದು.

ಈಗ ನಿಮ್ಮ ಫೋನಿನ 12 ಡಿಗ್ರಿ. ಜೋಶಿಮಠ ಸುಮಾರು 1,900 ಮೀಟರ್ ಎತ್ತರದಾಗ ಐತಿ. ನೀವು ಹೋಗೂದು ಅಲ್ಲಿಂದ ಮತ್ತ 2,600 ಮೀಟರ್ ಮ್ಯಾಲೆ. ಸಾವಿರ ಮೀಟರ್ ಏರಿದ್ರ ಅಂದಾಜು ಆರೂವರೆ ಡಿಗ್ರಿ ಇಳಿತೈತಿ. ಅಂದ್ರ ಪ್ಯಾಟ್ಯಾಗ 12 ಇದ್ದಾಗ ತುದಿಯಾಗ ಮೈನಸ್ 5. ಅದು ಹಗಲಿನ ಮಾತು. ನೀವು ಹೊರಡೂದು ನಡುರಾತ್ರಿ. ಮೈನಸ್ 10ರಾಗ ತಾಸಿಗೆ 40 ಕಿಲೋಮೀಟರ್ ಗಾಳಿ ಬೀಸಿದ್ರ ಮೈಗೆ ಅದು ಮೈನಸ್ 21ರಷ್ಟು ಚಳಿ. ಬರೀ ಉಷ್ಣಾಂಶ ನೋಡಿ ಬಟ್ಟಿ ಕಟ್ಟಬ್ಯಾಡ್ರಿ, ಗಾಳಿ ಎಷ್ಟು, ಯಾವ ದಿಕ್ಕಿನಿಂದ, ಅದನ್ನ ನೋಡ್ರಿ. ಊರಿನ ಹೆಸರು ಹಾಕಿ ನೋಡೂದು ಬಿಟ್ಟು, ಎತ್ತರ ಹಾಕಿದ್ರ ಆ ಎತ್ತರದ ಗಾಳಿ, ಹಿಮ ತೋರಿಸೂ ಮುನ್ಸೂಚನೆ ಸಿಗ್ತಾವು, ಅವನ್ನ ನೋಡ್ರಿ.

ಹಿಮಾಲಯದಾಗ ಚಳಿಗಾಲದ ಹಿಮ ತರೂದು ವೆಸ್ಟರ್ನ್ ಡಿಸ್ಟರ್ಬೆನ್ಸ್, ಅಂದ್ರ ಪಶ್ಚಿಮದಿಂದ ಮಳಿ, ಹಿಮ ಹೊತ್ತು ತರೂ ಮಾರುತ. ಮೆಡಿಟರೇನಿಯನ್ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ ದಾಟಿ ಬರ್ತಾವು. ನಾಲ್ಕೈದು ದಿನ ಮೊದಲ ಹವಾಮಾನ ಇಲಾಖೆ ಇವುಗಳ ಸುದ್ದಿ ಕೊಡ್ತೈತಿ. ಡಿಸೆಂಬರಿನಿಂದ ಮಾರ್ಚ್ ತನಕ ಜೋರು, ಏಪ್ರಿಲಿನಾಗೂ ಬರ್ತಾವು. ಡೆಹ್ರಾಡೂನ್ ಹವಾಮಾನ ಕೇಂದ್ರದ ಮುನ್ಸೂಚನೆ ಹೊರಡೂ ವಾರ ದಿನಾ ಓದ್ರಿ. ಚಮೋಲಿ ಜಿಲ್ಲಾಕ್ಕ ಇಂಥಾ ದಿನ ಇಷ್ಟು ಎತ್ತರದ ಮ್ಯಾಲೆ ಹಿಮ ಅಂತ ಬಂದಿದ್ರ, ಆ ದಿನ ಅಷ್ಟ ಅಲ್ಲ, ಮುಂದಿನ ಎರಡು ದಿನಾನೂ ಕಡಿದಾದ ಇಳಿಜಾರು ನಿಮ್ಮದಲ್ಲ ಅಂತ ತಿಳೀರಿ. ಹೊಸಾ ಹಿಮ ಹಳೇದರ ಮ್ಯಾಲೆ ಕಚ್ಚಿಕೊಳ್ಳಾಕ ಹೊತ್ತು ಬೇಕು. ಒಂದು ದಿನ-ರಾತ್ರಿಯೊಳಗ ಒಂದು ಅಡಿ ಬಿದ್ರ ಭಾಳ ಆತು. ಅದರ ಸಂಗಾಟ ಗಾಳಿ ಇದ್ರ ಬಿದ್ದದ್ದು ಅರ್ಧ ಅಡಿ ಆದ್ರೂ ಗಾಳಿ ಮರೆಯ ಇಳಿಜಾರಿನಾಗ ಮೊಳಕಾಲುದ್ದ ಪೇರಿಸಿ ಇಡ್ತೈತಿ. ಗುಡ್ಡದ ಅಂಚಿಗೆ ಹೊರಗ ಚಾಚಿಕೊಂಡ ಹಿಮದ ಸೂರು ಕಂಡ್ರ ಗಾಳಿ ಯಾವ ಕಡೆಯಿಂದ ತಂದು ಯಾವ ಕಡೆ ಒಟ್ಟೇತಿ ಅಂತ ಗೊತ್ತಾಗ್ತೈತಿ. ಆ ಸೂರಿನ ಮ್ಯಾಲೂ ನಿಲ್ಲಬಾರದು, ಅದರ ಕೆಳಗೂ ನಡೀಬಾರದು.

ಏಪ್ರಿಲಿನಾಗ ಅಪಾಯ ಹೋಗಂಗಿಲ್ಲ, ಅದರ ರೂಪ ಬದಲಾಗ್ತೈತಿ. ಜನವರಿಯಾಗ ಒಣ ಹಿಮ ಹಲಗಿ ಹಲಗಿ ಆಗಿ ಒಮ್ಮೆಲೇ ಕಿತ್ತು ಬರ್ತೈತಿ. ಏಪ್ರಿಲಿನಾಗ ಬಿಸಿಲು ಕುಡದ ಹಿಮ ನೀರು ತುಂಬಿ ಭಾರ ಆಗಿ ಜಾರ್ತೈತಿ. ರಾತ್ರಿ ಗಟ್ಟಿ ಹೆಪ್ಪುಗಟ್ಟಿದ್ದು ಮುಂಜಾನೆ ಹತ್ತು, ಹನ್ನೊಂದರ ತನಕ ಹಿಡದು ನಿಲ್ಲಬಹುದು, ಪೂರ್ವಕ್ಕ ಮುಖ ಮಾಡಿದ ಇಳಿಜಾರಾದ್ರ ಅದಕ್ಕೂ ಮೊದಲ ಸಡಿಲಾಗ್ತೈತಿ. ನಮ್ಮ ಗಸ್ತಿನವರು ನಾಲಾ ದಾಟೂದಿದ್ರ ಸೂರ್ಯ ಹುಟ್ಟೂದರೊಳಗ ದಾಟಿ ಬಿಡ್ತಿದ್ರು, ಅದಕ್ಕ ಕಾರಣ ಇದ. ರಾತ್ರಿ ಮೋಡ ಕವಿದಿದ್ರ ಹಿಮ ಹೆಪ್ಪುಗಟ್ಟಂಗಿಲ್ಲ. ಟೆಂಟಿನ ಹೊರಗ ಬಂದು ಬೂಟಿನಿಂದ ಒತ್ತಿ ನೋಡ್ರಿ. ಕಲ್ಲಿನಂಗ ಇರಬೇಕಾದ್ದು ಮೆತ್ತಗಿದ್ರ ಆ ದಿನ ಹೊರಡಬ್ಯಾಡ್ರಿ. ಮ್ಯಾಲೆ ಹೋದಾಗ ಕಾಲು ಪಾದ ಮುಳಗೂವಷ್ಟು ಹುಗಿಯಾಕ ಹತ್ತಿದ್ರ, ಇಳಿಜಾರಿನ ಮ್ಯಾಲಿಂದ ಸಣ್ಣ ಸಣ್ಣ ಹಿಮದ ಉಂಡಿ ತಾನೇ ಉರುಳಿ ಬರಾಕ ಹತ್ತಿದ್ರ, ತುದಿ ಐವತ್ತು ಮೀಟರ್ ಉಳಿದಿದ್ರೂ ತಿರುಗ್ರಿ.

ಇಳಿಜಾರಿನ ಕೋನ ಅಳಿಯೂದು ಕಲೀರಿ. ಫೋನಿನಾಗ ಅದಕ್ಕೊಂದು ಸಾಧನ ಸಿಗ್ತೈತಿ, ಊರಾಗ ಮನೀ ಚಾವಣಿ, ಮೆಟ್ಟಿಲು, ಗುಡ್ಡ ಎಲ್ಲಾ ಅಳೆದು ಕಣ್ಣಿಗೆ ರೂಢಿ ಮಾಡ್ಕೋರಿ. 30ರಿಂದ 45 ಡಿಗ್ರಿ ನಡುವಿನ ಇಳಿಜಾರಿನಾಗ ಹೆಚ್ಚಿನ ಹಿಮಕುಸಿತ ಆಗ್ತಾವು, 38ರ ಆಸುಪಾಸು ಎಲ್ಲಕ್ಕಿಂತ ಕೆಟ್ಟದ್ದು. 25ಕ್ಕಿಂತ ಕಡಿಮಿ ಇದ್ದಲ್ಲೆ ಶುರು ಆಗೂದು ಭಾಳ ಅಪರೂಪ. ಆದ್ರ ನೀವು ಸಪಾಟ ಜಾಗಾದಾಗ ನಿಂತಿದ್ರೂ ನಿಮ್ಮ ತಲಿ ಮ್ಯಾಲಿನ ಗುಡ್ಡ 35 ಇದ್ರ ಅದು ನಿಮ್ಮ ಲೆಕ್ಕಕ್ಕ ಸೇರ್ತೈತಿ. ಮಾಣಾದಾಗ ಆದದ್ದು ಹಂಗ. ಆ ಕೆಲಸಗಾರರು ಗುಡ್ಡ ಹತ್ತಿರಲಿಲ್ಲ, ಕ್ಯಾಂಪಿನ ಕಂಟೇನರಿನೊಳಗ ಇದ್ರು. 54 ಮಂದಿಯೊಳಗ 46 ಮಂದೀನ ಜೀವಂತ ತಗದ್ರು, 8 ಮಂದಿ ಹೋದ್ರು. ಹಿಂದಿನ ಸಂಜೀನ ಚಂಡೀಗಢದ ಡಿಜಿಆರ್‌ಇ ಚಮೋಲಿ ಸೇರಿ ಉತ್ತರಾಖಂಡದ ಐದು ಜಿಲ್ಲಾಕ್ಕ, 2,400 ಮೀಟರ್ ಮ್ಯಾಲಿನ ಜಾಗಕ್ಕ ಹಿಮಕುಸಿತದ ಎಚ್ಚರಿಕೆ ಕೊಟ್ಟಿತ್ತು. ಇದು ರಕ್ಷಣಾ ಸಂಶೋಧನೆ ನಡೆಸೂ ಡಿಆರ್‌ಡಿಒದ ಸಂಸ್ಥೆ, ಮೊದಲ ಎಸ್‌ಎಎಸ್‌ಇ ಅಂತಿದ್ರು. ಇವರ ಹಿಮಕುಸಿತದ ಬುಲೆಟಿನ್ ನೀವು ಹೊರಡೂ ಮೊದಲ ನೋಡಲೇಬೇಕು. ಆದ್ರ ಅದು ಜಿಲ್ಲಾದ ಮಟ್ಟದ ಸುದ್ದಿ. ನಿಮ್ಮ ಎದುರಿಗಿನ ಇಳಿಜಾರಿನ ಸುದ್ದಿ ನೀವ ಓದಬೇಕು.

ಅನುಮಾನದ ಇಳಿಜಾರು ದಾಟಲೇಬೇಕು ಅಂತ ಬಂದ್ರ ಒಬ್ಬೊಬ್ಬರ ದಾಟ್ರಿ. ಉಳದವರು ಸುರಕ್ಷಿತ ಜಾಗಾದಾಗ ನಿಂತು ಕಣ್ಣು ಮಿಟಕಿಸದ ನೋಡಬೇಕು. ಚೀಲದ ಸೊಂಟದ ಪಟ್ಟಿ ಬಿಚ್ಚಿರಬೇಕು, ಕೋಲಿನ ದಾರ ಕೈಯಾಗ ಸಿಗಿಸಿರಬಾರದು. ಯಾರಾದ್ರೂ ಸಿಕ್ಕಿದ್ರ ಕಡೀಕ ಎಲ್ಲೆ ಕಂಡ್ರು ಅನ್ನೂ ಜಾಗ ಗುರುತು ಇಟ್ಟುಕೊಂಡು ಅಲ್ಲಿಂದ ಕೆಳಗ ಹುಡುಕಬೇಕು. ಸಿಕ್ಕಾಂವ ಹಿಮ ನಿಲ್ಲೂ ಮೊದಲ ಕೈ ಮುಖದ ಮುಂದ ತಂದು ಉಸಿರಿಗೆ ಜಾಗ ಮಾಡ್ಕೋಬೇಕು. ನಿಂತ ಮ್ಯಾಲೆ ಬೆರಳು ಅಲಗ್ಯಾಡಿಸಾಕೂ ಬಿಡಂಗಿಲ್ಲ ಅದು. ನಮ್ಮ ಕಾಲದಾಗ ಸೊಂಟಕ್ಕ ಕೆಂಪು ಹುರಿ ಕಟ್ಟಿಕೊಂಡು ಎಳಕೊಂತ ನಡೀತಿದ್ವಿ, ಹಿಮದ ಮ್ಯಾಲೆ ಹುರಿ ತೇಲಿದ್ರ ಅದನ್ನ ಹಿಡದು ಅಗೀಬೇಕು ಅಂತ. ಈಗ ಬೀಕನ್ ಬಂದಾವು.

ಇನ್ನೊಂದು ಮಾತು, ಇದನ್ನ ಮನಸ್ಸಿಟ್ಟು ಓದ್ರಿ. 2016ರ ಫೆಬ್ರವರಿ 3ಕ್ಕ ಸಿಯಾಚಿನ್‌ದ ಸೋನಮ್ ಪೋಸ್ಟಿನ ಮ್ಯಾಲೆ ಹಿಮ ಬಿತ್ತು. ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನ ಆರನೇ ದಿನ ಉಸಿರಾಡೂವಂಗ ತಗದ್ರು. ಇಡೀ ನಾಡು ಕೈ ಮುಗಿದು ಕುಂತಿತ್ತು. 11ನೇ ತಾರೀಖಿಗೆ ದಿಲ್ಲಿ ಸೇನಾ ಆಸ್ಪತ್ರ್ಯಾಗ ಅವರು ತೀರಿಕೊಂಡ್ರು. ಆ ಪೋಸ್ಟಿನ ಹತ್ತೂ ಮಂದಿ ಹೋದ್ರು, ಅವರೊಳಗ ಮೂವರು ನಮ್ಮ ರಾಜ್ಯದವರು. ನಮ್ಮ ಕಡೆ ಹುಡುಗರು "ಆರು ದಿನ ಬದುಕಿದ್ರಲ್ಲ" ಅಂತ ಅದನ್ನ ಹಿಡ್ಕೊಂಡು ಮಾತಾಡ್ತಾರ. ಅದು ಲಕ್ಷಕ್ಕೊಂದು. ಹಿಮದಾಗ ಪೂರ್ತಿ ಹೂತವರನ್ನ ಮೊದಲ ಹತ್ತು ಹದಿನೈದು ನಿಮಿಷದೊಳಗ ತಗದ್ರ ಹತ್ತರಾಗ ಒಂಬತ್ತು ಮಂದಿ ಬದುಕ್ತಾರ. ಅರ್ಧ ತಾಸು ದಾಟಿದ್ರ ಮೂವರಾಗ ಒಬ್ಬರು. ಹೆಲಿಕಾಪ್ಟರ್ ಅಷ್ಟರೊಳಗ ಬರಂಗಿಲ್ಲ. ತಗಿಯೂದಾದ್ರ ನಿಮ್ಮ ಪಕ್ಕದಾಗ ನಡಿಯೂ ಗೆಳೆಯ ತಗೀಬೇಕು.

ಈಗ ಕಡೀ ಮಾತು. ನಿಮ್ಮ ಯೋಜನೆದಾಗ ಶಿಖರಕ್ಕ ಒಂದ ದಿನ ಐತಿ. ಹಿಂದಿನ ಸಂಜಿ ಹಿಮ ಬಿದ್ರ? ರಾತ್ರಿ ಮೋಡ ಇದ್ರ? ಕಾಯಾಕ ದಿನ ಇಲ್ಲ, ವಿಮಾನ ಐತಿ, ಹಂಗಾಗಿ ಹತ್ತಿ ಬಿಡ್ತೀರಿ. ಹಿಮ ಓದಾಕ ಬರೂ ಮಂದೀನೂ ಹಂಗ ಹತ್ತಿದ್ದನ್ನ ನೋಡೇನಿ, ಅವರಿಗೆ ತಿಳೀಲಿಲ್ಲ ಅಂತಲ್ಲ, ಹೊತ್ತು ಇರಲಿಲ್ಲ. ಬೀಕನಿಗೆ ಕೊಡೂ ಬಾಡಿಗಿಗಿಂತ ಮೊದಲ ಎರಡು ದಿನದ ರಜಾ ಕೇಳ್ರಿ.

ಉತ್ತರ: ಕ್ಯಾಲ್ಗರಿಯ ಮೈಸೂರಿನವಳು

ಸುಬೇದಾರ್ ಸರ್ ಬರೆದದ್ದನ್ನು ಓದಿ ಕೈ ಮುಗಿಯಬೇಕು ಅನ್ನಿಸಿತು. ನಾನು ಮೈಸೂರಿನವಳು, ಈಗ ಕೆನಡಾದ ಕ್ಯಾಲ್ಗರಿಯಲ್ಲಿದ್ದೇನೆ. ಚಳಿಗಾಲದಲ್ಲಿ ರಾಕೀಸ್ ಬೆಟ್ಟಗಳಲ್ಲಿ ಸ್ಕೀ ಹಾಕಿಕೊಂಡು ಓಡಾಡುತ್ತೇನೆ. ಇಲ್ಲಿನ ಹಿಮಕುಸಿತ ತರಬೇತಿಯ ಮೊದಲ ಹಂತ ಮಾಡಿಕೊಂಡೇ ಶುರು ಮಾಡಿದ್ದು.

ಇಲ್ಲಿ ನಾವು ಮನೆ ಬಿಡುವ ಮೊದಲು ಅವಲಾಂಚ್ ಕೆನಡಾ ಅಥವಾ ಪಾರ್ಕ್ಸ್ ಕೆನಡಾದ ದಿನದ ಮುನ್ಸೂಚನೆ ನೋಡುತ್ತೇವೆ. ಮರಗಳು ಬೆಳೆಯುವುದು ನಿಲ್ಲುವ ಎತ್ತರದ ಗೆರೆಯ ಕೆಳಗೆ, ಗೆರೆಯ ಆಸುಪಾಸು, ಗೆರೆಯ ಮೇಲೆ ಅಂತ ಮೂರು ಎತ್ತರಕ್ಕೆ ಬೇರೆ ಬೇರೆಯಾಗಿ 1ರಿಂದ 5ರ ವರೆಗೆ ಅಪಾಯದ ಮಟ್ಟ ಕೊಟ್ಟಿರುತ್ತಾರೆ. ಯಾವ ದಿಕ್ಕಿನ ಇಳಿಜಾರಿನಲ್ಲಿ ಯಾವ ಬಗೆಯ ತೊಂದರೆ ಅಂತಲೂ ಇರುತ್ತದೆ. 5 ಅಂದರೆ ಯಾರೂ ಹೋಗುವುದಿಲ್ಲ. ಜನ ಹೆಚ್ಚು ಸಾಯುವುದು 3ರಲ್ಲಿ, ಯಾಕೆಂದರೆ 3 ಅಂದರೆ "ನಡುವಿನದ್ದು, ಪರವಾಗಿಲ್ಲ" ಅಂತ ಹೊರಡುತ್ತಾರೆ. ನಿಜಕ್ಕೂ 3 ಅಂದರೆ ಒಬ್ಬ ಮನುಷ್ಯನ ಭಾರಕ್ಕೇ ಹಿಮ ಕಿತ್ತು ಬರಬಹುದು ಅಂತ ಅರ್ಥ. ಹಿಮಕುಸಿತಕ್ಕೆ ಸಿಕ್ಕವರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅದನ್ನು ಎಬ್ಬಿಸಿದ್ದು ಅವರೇ, ಇಲ್ಲವೇ ಅವರ ಗುಂಪಿನವರೇ.

ಇಷ್ಟೆಲ್ಲ ವ್ಯವಸ್ಥೆ ತಾನಾಗಿ ಬಂದದ್ದಲ್ಲ. 2003ರ ಫೆಬ್ರವರಿ 1ರಂದು ರಾಜರ್ಸ್ ಪಾಸ್ ಹತ್ತಿರ ಸ್ಕೀ ಪ್ರವಾಸಕ್ಕೆ ಹೋಗಿದ್ದ ಶಾಲೆಯ ಏಳು ಮಕ್ಕಳು ಹಿಮಕುಸಿತದಲ್ಲಿ ತೀರಿಕೊಂಡರು. ಕ್ಯಾಲ್ಗರಿಯ ದಕ್ಷಿಣಕ್ಕಿರುವ ಶಾಲೆ ಅದು. ಆಮೇಲೆಯೇ ರಾಷ್ಟ್ರಮಟ್ಟದ ಮುನ್ಸೂಚನಾ ಕೇಂದ್ರ ಬಂತು, ದಾರಿಗಳನ್ನು ಸರಳ, ಸವಾಲಿನದ್ದು, ಸಂಕೀರ್ಣ ಅಂತ ವಿಂಗಡಿಸುವ ಪದ್ಧತಿ ಬಂತು. ಈ ವಿಂಗಡಣೆ ಇವತ್ತಿನ ಹವೆ ನೋಡುವುದಿಲ್ಲ, ಬೆಟ್ಟದ ಆಕಾರ ನೋಡುತ್ತದೆ. ನನಗೆ ಅತಿ ಉಪಯೋಗಕ್ಕೆ ಬಂದ ಪಾಠ ಇದೇ. ಹಿಮ ದಿನಕ್ಕೊಂದು ಥರ ಇರುತ್ತದೆ, ಬೆಟ್ಟ ಹಾಗೇ ಇರುತ್ತದೆ. ಹಿಮದ ಬಗ್ಗೆ ಗೊತ್ತಿಲ್ಲ ಅಂದರೆ ಬೆಟ್ಟವನ್ನಾದರೂ ಸರಿಯಾಗಿ ಆರಿಸಿಕೊಳ್ಳಬಹುದು.

ನಿಮ್ಮ ದಾರಿಗೆ ಇಲ್ಲಿನಷ್ಟು ವಿವರವಾದ ಮುನ್ಸೂಚನೆ ಸಿಗುವುದಿಲ್ಲ. ಹಾಗಂದ ಮೇಲೆ ನೀವು ನಮಗಿಂತ ಹೆಚ್ಚು ಅಂತರ ಇಟ್ಟುಕೊಂಡು ನಡೆಯಬೇಕು. ಕುವಾರಿ ಪಾಸ್ ದಾರಿ ಬಹುಪಾಲು ಕಾಡು, ಹುಲ್ಲುಗಾವಲು, ನಿಧಾನದ ಏರು. ಪಂಗಾರ್ಚುಲ್ಲಾದ ಕೊನೆಯ ಏರು ಹಾಗಲ್ಲ, ಬಂಡೆ ಮತ್ತು ಹಿಮದ ಕಡಿದಾದ ಇಳಿಜಾರು. ಒಂದೇ ಚಾರಣದ ಎರಡು ಭಾಗ ಅಂತ ನೋಡಬೇಡಿ, ಎರಡಕ್ಕೂ ಬೇರೆ ಬೇರೆ ತೀರ್ಮಾನ ಬೇಕು.

ಬೀಕನ್ ಬಗ್ಗೆ. ಎವರೆಸ್ಟ್‌ನವರಿಗೆ ಮಾತ್ರ ಅನ್ನುವುದು ತಪ್ಪು. ಇಲ್ಲಿ ಹಿಮಕುಸಿತದ ಜಾಗಕ್ಕೆ ಹೋಗುವ ಶಾಲಾ ಮಕ್ಕಳೂ ಹಾಕಿಕೊಳ್ಳುತ್ತಾರೆ. ಎಲ್ಲ ಬೀಕನ್‌ಗಳೂ 457 ಕಿಲೋಹರ್ಟ್ಜ್‌ನಲ್ಲೇ ಕೆಲಸ ಮಾಡುತ್ತವೆ, ಹಾಗಾಗಿ ಬೇರೆ ಬೇರೆ ಕಂಪನಿಯದ್ದಾದರೂ ಒಂದನ್ನೊಂದು ಹುಡುಕುತ್ತವೆ. ಆದರೆ ಗೈಡ್ ಸೇರಿ ಐವರಲ್ಲೂ ಇರಬೇಕು, ಜೊತೆಗೆ ಉದ್ದನೆಯ ಮಡಚುವ ಶೋಧನ ಕೋಲು ಮತ್ತು ಲೋಹದ ಸಲಿಕೆ ಎಲ್ಲರ ಹತ್ತಿರವೂ ಇರಬೇಕು. ಗಟ್ಟಿಯಾದ ಹಿಮವನ್ನು ಕೈಯಿಂದ ಅಗೆಯಲು ಆಗುವುದಿಲ್ಲ. ಫೋನನ್ನು ಬೀಕನ್ ಪಕ್ಕ ಇಟ್ಟುಕೊಂಡರೆ ಸಂಕೇತ ಕೆಡುತ್ತದೆ. ಮೊದಲ ದಿನವೇ ಒಬ್ಬರು ಬೀಕನ್ ಹೂತಿಟ್ಟು ಮತ್ತೊಬ್ಬರು ಹುಡುಕುವ ಅಭ್ಯಾಸ ಮಾಡಿ, ಗಡಿಯಾರ ಹಿಡಿದು. ಅಭ್ಯಾಸ ಮಾಡದೆ ಕುತ್ತಿಗೆಗೆ ಹಾಕಿಕೊಂಡರೆ ಹೆಣ ಹುಡುಕಲು ಮಾತ್ರ ಬರುತ್ತದೆ. ಕಠೋರವಾಗಿ ಬರೆಯುತ್ತಿದ್ದೇನೆ, ಇದು ಹಾಗೆಯೇ ಹೇಳಬೇಕಾದ ವಿಷಯ.

ನಡೆಯುವಾಗ ಕಿವಿಯೂ ಕೆಲಸ ಮಾಡಲಿ. ಹೆಜ್ಜೆ ಇಟ್ಟಾಗ ಒಳಗಿಂದ "ಧುಪ್" ಅಂತ ಹಿಮ ಕುಸಿದ ಸದ್ದು ಬಂದರೆ, ಕಾಲಿನಿಂದ ಬಿರುಕು ಓಡಿದರೆ, ಅಡಿಯಲ್ಲಿ ಬಲವಿಲ್ಲದ ಪದರ ಇದೆ ಅಂತ. ತೆಳ್ಳಗಿನ ಹಿಮದ ಮೇಲೆ ವಾರಗಟ್ಟಲೆ ತಿಳಿ, ಕೊರೆಯುವ ರಾತ್ರಿಗಳು ಹೋದಾಗ ತಳದ ಹಿಮ ಸಕ್ಕರೆ ಹರಳಿನ ಹಾಗೆ ಬಿಡಿಬಿಡಿಯಾಗುತ್ತದೆ. ಆಮೇಲೆ ಬಿದ್ದ ಹಿಮವೆಲ್ಲ ಅದರ ಮೇಲೇ ಕೂತಿರುತ್ತದೆ.

ಸಾಧ್ಯವಾದರೆ ಉಪಗ್ರಹ ಸಂದೇಶ ಕಳಿಸುವ ಸಣ್ಣ ಸಾಧನ ಒಂದನ್ನು ಒಯ್ಯಿರಿ, ಇಲ್ಲಿ ಅದಿಲ್ಲದೆ ಯಾರೂ ಹೊರಡುವುದಿಲ್ಲ.

ಉತ್ತರ: ನಿವೃತ್ತ ಸುಬೇದಾರ್, ಗದಗ

ತಂಗಿ ಛಲೋ ಬರದಾಳ. ಕಡೀ ಸಾಲು ಒಂದ ಭಾರತದಾಗ ನಡಿಯಂಗಿಲ್ಲ. ಅನುಮತಿ ಇಲ್ಲದ ಸ್ಯಾಟಲೈಟ್ ಫೋನ್ ಆಗಲಿ, ಉಪಗ್ರಹ ಸಂದೇಶದ ಸಾಧನ ಆಗಲಿ ಇಟ್ಟುಕೊಳ್ಳೂದು ಇಲ್ಲೆ ಅಪರಾಧ. ವಿಮಾನ ನಿಲ್ದಾಣದಾಗ ಪರದೇಶದ ಚಾರಣಿಗರನ್ನ ಹಿಡದಾರ. ಗಡಿ ಜಿಲ್ಲಾದಾಗ ಅಂತೂ ತರಲೇಬ್ಯಾಡ್ರಿ. ಅದರ ಬದಲಿ ಜೋಶಿಮಠದಾಗ ಒಬ್ಬರಿಗೆ ನಿಮ್ಮ ದಾರಿ, ಹಿಂದ ಬರೂ ದಿನ, ಹೊತ್ತು ಬರದು ಕೊಟ್ಟು ಹೋಗ್ರಿ. ಆ ಹೊತ್ತು ಮೀರಿದ್ರ ಯಾರಿಗೆ ಫೋನ್ ಮಾಡಬೇಕು ಅಂತಾನೂ ಬರೀರಿ.

ಪ್ರಶ್ನೆ ಕೇಳಿದವರು: ಸಾಗರದ ಚಾರಣಿಗ

ಸುಬೇದಾರ್ ಸರ್, ಮೇಡಂ, ಇಷ್ಟು ಬಿಡಿಸಿ ಬರೆದದ್ದಕ್ಕೆ ತುಂಬ ಧನ್ಯವಾದ. ನಾಲ್ವರೂ ಕೂತು ಓದಿದೆವು. ಇಬ್ಬರಿಗೆ ಒಂದು ದಿನ ರಜೆ ಹೆಚ್ಚು ಸಿಗಬಹುದು, ಉಳಿದಿಬ್ಬರಿಗೆ ಸಿಗುವುದಿಲ್ಲ. ಗುಲಿಂಗ್‌ನಲ್ಲಿ ಉಳಿಯುವುದನ್ನು ಬಿಟ್ಟು ಢಾಕ್‌ನಿಂದ ಒಂದೇ ದಿನ ಖುಲ್ಲಾರಾಕ್ಕೆ ಹೋದರೆ ಒಂದು ದಿನ ಉಳಿಯುತ್ತದೆ, ಅದನ್ನೇ ಕಾಯುವ ದಿನ ಮಾಡಿಕೊಳ್ಳಬಹುದಾ ಅಂತ ಒಬ್ಬ ಕೇಳುತ್ತಿದ್ದಾನೆ. ಗೈಡ್‌ಗೂ ಫೋನ್ ಮಾಡಿ ಹಿಮ ಹೇಗಿದೆ ಅಂದೆವು. "ಬನ್ನಿ ಸರ್, ಅಲ್ಲಿ ಹೋಗಿ ನೋಡೋಣ" ಅಂದರು.

ಉತ್ತರ: ನಿವೃತ್ತ ಸುಬೇದಾರ್, ಗದಗ

ಗುಲಿಂಗ್ ಬಿಡಬ್ಯಾಡ್ರಿ. ಎತ್ತರಕ್ಕ ಮೈ ಒಗ್ಗೂ ದಿನ ಕಡದು ಹಿಮಕ್ಕ ಕಾಯೂ ದಿನ ಮಾಡಿಕೊಂಡ್ರ ತಲಿನೋವು, ವಾಂತಿ ಹೊತ್ತುಕೊಂಡು ಖುಲ್ಲಾರಾದಾಗ ಕೂಡ್ತೀರಿ. ಅಂಥಾ ತಲಿಯಾಗ ತೀರ್ಮಾನ ತಗೊಳ್ಳಾಕ ಆಗಂಗಿಲ್ಲ.

ಹೊರಡೂ ಮೊದಲ ಹಿಂಗ ಮಾಡ್ರಿ. ನಾಲ್ವರೂ ಹೋಗೂದು ಕುವಾರಿ ಪಾಸಿಗೆ. ಅದನ್ನ ಮನ್ಯಾಗ ಹೇಳ್ರಿ, ಅಮ್ಮಗ ಹೇಳ್ರಿ, ಗೈಡಿಗೂ ಹೇಳ್ರಿ. ಹಿಂದಿನ ಎರಡು ದಿನ ಹಿಮ ಬಿದ್ದಿಲ್ಲ, ಜೋರು ಗಾಳಿ ಇಲ್ಲ, ರಾತ್ರಿ ತಿಳಿ ಆಗಿ ಹಿಮ ಕಲ್ಲಾಗೇತಿ, ಮುಂದಿನ ದಿನಕ್ಕ ಡಿಸ್ಟರ್ಬೆನ್ಸ್ ಇಲ್ಲ, ನಾಲ್ವರ ಮೈಯೂ ಸುಖ ಐತಿ, ಇಷ್ಟೂ ಕೂಡಿ ಬಂದ್ರ ಮಾತ್ರ ಪಂಗಾರ್ಚುಲ್ಲಾ. ಇವುಗಳೊಳಗ ಒಂದು ತಪ್ಪಿದ್ರೂ ಪಾಸ್ ನೋಡಿ ಇಳೀರಿ. ರಜಾ ಇದ್ದ ಇಬ್ಬರೇ ಉಳದು ಹತ್ತೂದು ಬ್ಯಾಡ, ಇಬ್ಬರೊಳಗ ಒಬ್ಬ ಹೂತ್ರ ಅಗಿಯಾಕ ಒಬ್ಬನ ಉಳಿತಾನ.

ಇನ್ನೊಂದು, ಹಿಮಕುಸಿತದ ಮಾತಿನಾಗ ಬಿರುಗಾಳಿ ಮರೀಬ್ಯಾಡ್ರಿ. 2024ರ ಜೂನಿನಾಗ ಉತ್ತರಾಖಂಡದ ಸಹಸ್ರ ತಾಲ್ ಸರೋವರಕ್ಕ ಹೋದ 22 ಮಂದಿಯ ತಂಡದಾಗ ಹೆಚ್ಚಿನವರು ನಮ್ಮ ಕರ್ನಾಟಕದವರು. 9 ಮಂದಿ ತೀರಿಕೊಂಡ್ರು. ಅಲ್ಲೆ ಹಿಮ ಜಾರಿದ್ದಲ್ಲ, ಗಾಳಿ, ಹಿಮ, ಚಳಿ. ಜೂನ್ ತಿಂಗಳಾಗ! 2014ರ ಅಕ್ಟೋಬರಿನಾಗ ವಿಶಾಖಪಟ್ಟಣಕ್ಕ ಬಡದ ಹುದ್‌ಹುದ್ ಚಂಡಮಾರುತ ಎರಡು ದಿನಕ್ಕ ನೇಪಾಳ ಮುಟ್ಟಿ ಥೊರಾಂಗ್ ಲಾ ಅನ್ನೂ ಎತ್ತರದ ಪಾಸಿನ ಸುತ್ತ ಹಿಮ ಸುರಿದು 40ಕ್ಕೂ ಹೆಚ್ಚು ಮಂದೀನ ತಗೊಂಡು ಹೋತು. ಬಂಗಾಳ ಕೊಲ್ಲಿಯಾಗ ಏನಾದ್ರೂ ಏಳಾಕ ಹತ್ತೇತಾ ಅಂತಾನೂ ನೋಡ್ಕೋರಿ. ಒಣ ಬಟ್ಟಿಯ ಒಂದು ಜೋಡಿ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಎಂಥಾ ಸಂದರ್ಭದಾಗೂ ಮುಟ್ಟದಂಗ ಇಡ್ರಿ. ಒಬ್ಬಾಂವ ನಡುಗೂದು ನಿಂತು ಮಾತು ತೊದಲಾಕ ಹತ್ತಿದ್ರ ಆಗಲೇ ಭಾಳ ತಡ ಆಗೇತಿ. ನಡುಗುವಾಗಲೇ ಟೆಂಟ್ ಹಾಕಿ, ಒದ್ದಿ ಬಟ್ಟಿ ತಗದು, ಮಲಗೂ ಚೀಲದಾಗ ಹಾಕ್ರಿ.

ಗೈಡಿನ ವಿಷಯ. "ಹಿಮ ಹೆಂಗೈತಿ" ಅಂತ ಕೇಳಿದ್ರ ಯಾರಾದ್ರೂ "ಛಲೋ ಐತಿ" ಅಂತಾರ, ಅವರ ಹೊಟ್ಟಿಪಾಡು ಅದು. ಬ್ಯಾರೆ ಥರ ಕೇಳ್ರಿ. ಖುಲ್ಲಾರಾದಾಗ ಕಡೀ ಹಿಮ ಯಾವಾಗ ಬಿತ್ತು, ಎಷ್ಟು ಬಿತ್ತು? ಹೋದ ವಾರ ಯಾರು ಹತ್ತಿದ್ರು, ಯಾವ ಹೊತ್ತಿಗೆ ಹೊರಳಿದ್ರು? ಆ ಇಳಿಜಾರಿನಾಗ ಹಿಮ ಜಾರಿದ್ದನ್ನ ಎಂದಾದ್ರೂ ನೋಡಿಯೇನು, ಯಾವ ತಿಂಗಳು? ತುದಿ ಮುಟ್ಟಲಿಕ್ಕಿಲ್ಲ ಅಂದ್ರೂ ಪೂರ್ತಿ ರೊಕ್ಕ ಕೊಡ್ತೀವಿ ಅಂತ ಮೊದಲ ಹೇಳ್ರಿ. ಇಷ್ಟು ಹೇಳಿದ ಮ್ಯಾಲೆ ಅವರ ಬಾಯಿಂದ ಬರೂ ಉತ್ತರ ಬ್ಯಾರೆ ಇರ್ತೈತಿ. ಆ ಗುಡ್ಡದಾಗ ಹುಟ್ಟಿ ಬೆಳದ ಮನಷ್ಯಾ "ಇವತ್ತು ಬ್ಯಾಡ" ಅಂದ್ರ ಯಾಕ ಅಂತ ಮತ್ತ ಕೇಳಬ್ಯಾಡ್ರಿ, ಇಳೀರಿ.

ಹೊರಡೂ ಹಿಂದಿನ ವಾರ ಹವಾಮಾನದ ಮುನ್ಸೂಚನೆ ಇಲ್ಲೆ ಹಾಕ್ರಿ, ಕೂಡಿ ನೋಡೂಣು.